ಕಪೆರ್ನೌಮಿನ ಕೆಲವು ದಿನ

ಪೂಜ್ಯ ಇನ್ನಾಸಪ್ಪ ಸ್ವಾಮಿಗಳು ಕಲ್ಲುಮಂಟಿಯ ಹೆಂಚಿನ ಚರ್ಚಿನಲ್ಲಿ ಗುರುಗಳಾಗಿದ್ದ ಕಾಲ. ಈಗಲೂ ಅವರ ಹೆಸರೆತ್ತಿದರೆ ಆ ಕಡೆಯ ಜನ ಕೈ ಮುಗಿಯುತ್ತಾರೆ. ಒಂದು ದಿನ ಬೆಳಿಗ್ಗೆ ಸ್ವಾಮಿಗಳು ಮೆಟ್ಟಿಲ ಮೇಲೆ ಕುಳಿತು, ಮೇಣದಬತ್ತಿಯ ಸ್ಟ್ಯಾಂಡಿಗೆ ಅಂಟಿದ್ದ ಮೇಣವನ್ನು ಚಾಕುವಿನಿಂದ ಕೆರೆಯುತ್ತಿದ್ದರು. ಅಂಥ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಉಪದೇಶಿ ಸಂದ್ಯಾಗಪ್ಪ ಸೈಕಲ್ಲಿಗೆ ಚೀಲ ಕಟ್ಟಿಕೊಂಡೇ ಬಂದ. ಹಳ್ಳಿಹಳ್ಳಿ ತಿರುಗಿ ಯೇಸುವಿನ ಶುಭಸಂದೇಶ ಕಲಿಸುವವನು. ಮಾತಿಗೆ ನಿಂತನೆಂದರೆ ಅರಳು ಹುರಿದಂತೆ. ಹತ್ತು ದಿನದ ಕೆಳಗೆ ಅವನ ಎಂಟು ತಿಂಗಳ ಹೆಣ್ಣುಮಗು ಜ್ವರದಲ್ಲಿ ತೀರಿಕೊಂಡಿತ್ತು. ಅಂದಿನಿಂದ ಹೆಂಡತಿ ಲೂರ್ದಮ್ಮ ಬಾಯಿ ಬಿಟ್ಟಿರಲಿಲ್ಲ, ಅತ್ತಿರಲೂ ಇಲ್ಲ. ಸಮಾಧಾನಕ್ಕೆಂದು ಅವನು ಹೇಳಿದ ಬೈಬಲ್ಲಿನ ವಾಕ್ಯಗಳೆಲ್ಲ ಗೋಡೆಗೆ ಹೇಳಿದಂತಾಗಿದ್ದವು. ಆ ಮನೆಯಲ್ಲಿ ಇನ್ನೊಂದು ಗಳಿಗೆ ಕೂರುವುದು ಅವನಿಂದಾಗುತ್ತಿರಲಿಲ್ಲ.

“ಸ್ವಾಮಿ, ಗಡಿ ಕಡೆ ಹಳ್ಳಿಗಳಿಗೆ ಹೋಗಿ ಬರ್ತೀನಿ. ಒಂದು ತಿಂಗಳಾಗಬಹುದು. ಅಪ್ಪಣೆ ಕೊಡಿ,” ಎಂದ.

ಸ್ವಾಮಿಗಳು ಅವನ ಚೀಲದಲ್ಲಿದ್ದ ಶುಭಸಂದೇಶದ ಪುಸ್ತಕ ಇಸಿದುಕೊಂಡು ತೆರೆದರು. ಪವಾಡ, ಬೋಧನೆ ಇರುವ ಸಾಲುಗಳ ಕೆಳಗೆಲ್ಲ ಕೆಂಪು ಪೆನ್ಸಿಲಿನ ಗೆರೆ. ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿ ನೀರನ್ನು ದ್ರಾಕ್ಷಾರಸ ಮಾಡಿದ್ದು ಪೂರ್ತಿ ಕೆಂಪು. ಮುಂದೆ ದೇವಾಲಯದಿಂದ ವ್ಯಾಪಾರಿಗಳನ್ನು ಓಡಿಸಿದ್ದೂ ಕೆಂಪು. ನಡುವಿನ ಒಂದು ಸಾಲಿಗೆ ಮಾತ್ರ ಗೆರೆಯಿರಲಿಲ್ಲ. ಯೇಸುಸ್ವಾಮಿ ತಾಯಿ, ಸೋದರರು, ಶಿಷ್ಯರೊಡನೆ ಕಪೆರ್ನೌಮ್ ಎಂಬ ಊರಿಗೆ ಹೋಗಿ ಅಲ್ಲಿ ಕೆಲವು ದಿನ ಇದ್ದರು ಎಂಬುದಷ್ಟೇ ಅದರಲ್ಲಿತ್ತು.

“ಇದಕ್ಯಾಕಪ್ಪ ಗೆರೆ ಇಲ್ಲ?”

“ಅದರಲ್ಲಿ ಏನೂ ಇಲ್ವಲ್ಲ ಸ್ವಾಮಿ. ಇಲ್ಲಿಂದ ಅಲ್ಲಿಗೆ ಹೋದದ್ದು ಅಷ್ಟೆ. ಮಕ್ಕಳಿಗೆ ಓದಿಸುವಾಗಲೂ ಬಿಟ್ಟುಬಿಡ್ತೀನಿ.”

“ಅಲ್ಲಿ ಏನು ಬೋಧಿಸಿದರು?”

“ಬರೆದಿಲ್ಲ.”

“ತಾಯಿ ಜೊತೆಗಿದ್ದರು ಅಂತ ಬರೆದಿದೆ. ಲೋಕವನ್ನೇ ಉದ್ಧಾರ ಮಾಡಬೇಕಾದವರಿಗೂ ಮನೆಯವರ ಜೊತೆ ಇರುವುದಕ್ಕೆ ಬಿಡುವಿತ್ತು.” ಸ್ವಾಮಿಗಳು ಪುಸ್ತಕ ಮರಳಿಸಿದರು. “ಮನೆಗೆ ಹೋಗು. ಲೂರ್ದಮ್ಮನಿಗೆ ಏನೂ ಹೇಳಬೇಡ. ಸುಮ್ಮನೆ ಅವಳ ಜೊತೆ ಇರು.”

ಸಂದ್ಯಾಗಪ್ಪನಿಗೆ ಕೋಪವೇ ಬಂತು. ಮಾತೇ ಕಸುಬಾದವನಿಗೆ ಸುಮ್ಮನಿರು ಎಂದರೆ ಹೇಗೆ? ಆದರೂ ಗುರುಗಳ ಮಾತು ಮೀರಲಾರದೆ ಸೈಕಲ್ ತಿರುಗಿಸಿದ.

ಮೂರು ದಿನ ಲೂರ್ದಮ್ಮ ಅಕ್ಕಿ ಆರಿಸುವಾಗ ಅವನು ಎದುರು ಕುಳಿತ. ನೀರಿಗೆ ಹೊರಟರೆ ಕೊಡ ಹಿಡಿದು ಹಿಂದೆಯೇ ಹೋದ. ವಾಕ್ಯಗಳು ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡ. ನಾಲ್ಕನೆಯ ದಿನ ಆಕೆ ಒಲೆಯ ಮುಂದೆ ಕುಳಿತವಳು, ತಿರುಗಿ ನೋಡದೆಯೇ ಕೇಳಿದಳು.

“ಇವತ್ತೂ ಎಲ್ಲಿಗೂ ಹೋಗಲ್ವಾ?”

“ಇಲ್ಲ.”

ಲೂರ್ದಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತಳು. ಸಂದ್ಯಾಗಪ್ಪ ಪಕ್ಕದಲ್ಲಿ ಕುಳಿತ, ಅವನಿಗೂ ತಡೆಯಲಾಗಲಿಲ್ಲ. ಮಗಳು ಹೋದ ಮೇಲೆ ತಾನೂ ಒಂದು ಸಲವೂ ಅತ್ತಿರಲಿಲ್ಲವೆಂದು ಅವನಿಗೆ ತಿಳಿದದ್ದು ಆಗಲೇ.