ಯಕ್ಷಿಯರ ಕೋಟೆಗೆ ಹೋದ ಮಾಳಿ

ಮಗ್ಗುಲಿಗೆ ಬಾ ಕೂಸೇ, ಹೇಳ್ತೀನಿ. ನನ್ನಜ್ಜಿಯ ಅಜ್ಜಿಯೂ ಹುಟ್ಟಿರದ ಒಂದಾನೊಂದು ಕಾಲದಲ್ಲಿ, ಬರೀ ಮರಳು, ಬರೀ ಬೋಳು ಬೆಟ್ಟ ಇರೋ ದೇಶದಲ್ಲಿ ಜವರ ಅಂತ ಒಬ್ಬ ಒಂಟೆ ಸಾಕೋನು ಇದ್ದನಂತೆ. ಹೆಂಡತಿ ತೀರಿಕೊಂಡಿದ್ದಳು. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಮಾಳಿ, ಚಿಕ್ಕವಳು ಹೊಂಬಿ. ಅವರ ಗುಡಾರದ ಎದುರಿಗೆ, ಒಂದಷ್ಟು ದೂರದಲ್ಲಿ, ಒಂದು ಕೆಂಪು ಬೆಟ್ಟ. ಅದರೊಳಗೆ ಯಕ್ಷಿಯರ ಕೋಟೆಯಂತೆ. ಹೊತ್ತು ನೆತ್ತಿಗೆ ಬಂದು ನಮ್ಮ ನೆರಳು ನಮ್ಮ ಕಾಲಡಿ ಸೇರಿಕೊಂಡಾಗ ಮಾತ್ರ ಬಂಡೆ ಬಿರಿದು ಬಾಗಿಲು ಕಾಣುತ್ತಂತೆ. ನೆರಳು ಗೇಣುದ್ದ ಈಚೆ ಬಂತೋ, ಮುಚ್ಚಿ ಹೋಯ್ತು. ಆ ಹೊತ್ತಲ್ಲಿ ಆ ಕಡೆ ತಲೆ ಹಾಕ್ಬೇಡಿ, ಒಳಗಿನ ಅನ್ನ ಮುಟ್ಟಿದೋರು, ಕರೆದ ದನಿಗೆ ತಿರುಗಿ ನೋಡಿದೋರು ವಾಪಸ್ ಬರಲ್ಲ ಅಂತ ಜವರ ದಿನಾ ಹೇಳೋನಂತೆ.

ಒಂದಿನ ಜವರ ಒಂಟೆಗಳನ್ನ ಹೊಡಕೊಂಡು ದೂರದ ಬಾವಿಗೆ ಹೋದ. ಮಾಳಿ ರೊಟ್ಟಿ ತಟ್ಟುತ್ತಾ ತಲೆ ಎತ್ತಿ ನೋಡ್ತಾಳೆ, ಹೊಂಬಿ ಇಲ್ಲ! ಮರಳಲ್ಲಿ ಪುಟ್ಟ ಪುಟ್ಟ ಹೆಜ್ಜೆ, ಸೀದಾ ಬೆಟ್ಟದ ಕಡೆಗೆ. ಮಾಳಿ ರೊಟ್ಟಿ ಅಲ್ಲೇ ಬಿಟ್ಟು ಎದ್ದಳು. ಗುಡಾರದಲ್ಲಿ ಉಳಿದಿದ್ದ ಒಂದೇ ಗಡಿಗೆ ನೀರನ್ನ ಸೊಂಟಕ್ಕಿಟ್ಟುಕೊಂಡು ಓಡಿದಳಂತೆ. ಬೆಟ್ಟದ ಬುಡಕ್ಕೆ ಬಂದಾಗ ನೆರಳು ಕಾಲಡಿಯಲ್ಲಿತ್ತು, ಬಾಗಿಲು ತೆರೆದಿತ್ತು. ಗಡಿಗೆ ಬಿಗಿಯಾಗಿ ಹಿಡಕೊಂಡು ಒಳಗೆ ಹೋದಳಂತೆ.

ಒಳಗೆ ಮೊದಲನೇ ಅಂಗಳದಲ್ಲಿ ಯಾರೂ ಇಲ್ಲ, ಆದ್ರೆ ಎಲೆ ಹಾಕಿದೆ, ಬಿಸಿ ಅನ್ನ ಹಬೆಯಾಡ್ತಿದೆ. ಬೆಳಗಿಂದ ತಿಂದಿಲ್ಲ, ಹೊಟ್ಟೆ ಚುರ್ ಅಂತಿತ್ತು. ಮುಖ ತಿರುಗಿಸಿ ದಾಟಿದಳು. ಆಮೇಲೆ ಎರಡನೇ ಅಂಗಳ. ಅಲ್ಲಿ ಬೆನ್ನ ಹಿಂದಿಂದ ಸತ್ತುಹೋದ ಅವ್ವನ ದನಿ. ಮಾಳೀ, ನನ್ನ ಒಂದ್ಸಲ ನೋಡಿ ಹೋಗೇ, ಅಂತು. ಪಾಪ, ಅಳು ಒತ್ತರಿಸಿಕೊಂಡು ಬಂತು. ಆದ್ರೂ ತಿರುಗಲಿಲ್ಲವಂತೆ.

ಆಮೇಲೆ ಮೂರನೇ ಅಂಗಳ. ಅಲ್ಲಿ ಯಕ್ಷಿಯರ ರಾಣಿ ನಿಂತಿದ್ದಳಂತೆ, ರೆಪ್ಪೆ ಇಲ್ಲದ ಕಣ್ಣು. ಅವಳ ಹಿಂದೆ ನೂರು ಹೊಂಬಿಯರು! ಅದೇ ಮುಖ, ಅದೇ ಹರಿದ ಲಂಗ. ಎಲ್ಲರೂ ಗೊಂಬೆ ಥರ ಸುಮ್ಮನೆ ನಿಂತಿದ್ದಾರೆ.

ನಿನ್ನ ತಂಗಿ ಯಾರು, ಒಂದೇ ಸಲ ಕೈ ಹಿಡಿ, ಅಂದಳಂತೆ ರಾಣಿ. ತಪ್ಪಿದ್ರೆ ನೀನೂ ಇಲ್ಲೇ.

ಮಾಳಿ ಹೊಂಬೀ ಹೊಂಬೀ ಅಂತ ಕೂಗಿದಳು. ನೂರು ಬಾಯೂ ಅಕ್ಕಾ ಅಂತು. ಅವಳ ನೆರಳು ಕಾಲಡಿಯಿಂದ ಈಚೆ ಇಣುಕೋಕೆ ಶುರುವಾಯ್ತು. ಮೈಯೆಲ್ಲಾ ಗಡಗಡ. ಗಡಿಗೆ ನೀರೂ ತುಳುಕುತ್ತಿತ್ತು. ಆಗ ಅವಳಿಗೆ ಹೊಳೀತಂತೆ, ಅಲ್ಲ, ನಾನು ಇಷ್ಟು ನಡುಗ್ತಿದ್ದೀನಿ, ಇವರ್‍ಯಾರೂ ಒಂಚೂರೂ ನಡುಗ್ತಿಲ್ಲವಲ್ಲ, ಈ ಗೊಂಬೆಗಳಿಗೆ ಹೆದರಿಕೆ ಅನ್ನೋದೇ ಗೊತ್ತಿಲ್ಲ, ನನ್ನ ಹೊಂಬಿಯಾದ್ರೆ ಬೆಚ್ಚೇ ಬೆಚ್ಚುತ್ತಾಳೆ! ಬಿಸಿಲಲ್ಲಿ ವಾಪಸ್ ಗುಡಾರಕ್ಕೆ ಹೋಗೋಕೆ ಇದ್ದಿದ್ದು ಅದೊಂದೇ ನೀರು. ಆದ್ರೂ ಗಡಿಗೆ ಎತ್ತಿ ನೆಲಕ್ಕೆ ಫಳಾರ್ ಅಂತ ಕುಕ್ಕಿದಳು. ತೊಂಬತ್ತೊಂಬತ್ತು ಮಂದಿ ಅಲುಗಲಿಲ್ಲ. ಮೂಲೆಯಲ್ಲಿದ್ದ ಒಂದು ಮಾತ್ರ ಬೆಚ್ಚಿ ಬಿತ್ತು.

ಮಾಳಿ ಅದರ ಕೈ ಗಬಕ್ಕನೆ ಹಿಡಿದು ಎಳಕೊಂಡು ಓಡಿದಳು. ಹಿಂದೆ ರಾಣಿ ಕಿರುಚಿದ ಕಿರುಚಿಗೆ ಬೆಟ್ಟವೇ ಅದುರಿತಂತೆ. ಇವರು ಹೊರಗೆ ಬಿದ್ದರು, ಬಂಡೆ ಧಡ್ ಅಂತ ಕೂಡಿಕೊಳ್ತು.

ಆಮೇಲೆ ಏನು ಬಿಸಿಲು ಅಂತೀಯ! ತೊಟ್ಟು ನೀರಿಲ್ಲ. ಸ್ವಲ್ಪ ದೂರ ತೆವಳಿ ಒಂದು ಕಲ್ಲಿನ ಸಂದಿಯಲ್ಲಿ ಇಬ್ಬರೂ ಒರಗಿಕೊಂಡರು. ಹೊತ್ತು ಇಳಿಯೋವಾಗ ಜವರ ಗುಡಾರಕ್ಕೆ ಬಂದ, ಮಕ್ಕಳಿಲ್ಲ, ಹೆಜ್ಜೆ ಹಿಡಿದು ಬಂದು ಅವರನ್ನ ಕಂಡ. ತಣ್ಣಗಿನ ಬಾವಿನೀರು ಬಾಯಿಗೆ ಬಿಟ್ಟ. ನೀರು ಗಂಟಲಿಗೆ ಇಳಿದ ಮೇಲೆ ಹೊಂಬಿ ಮೆಲ್ಲಗೆ ಅಂದಳಂತೆ, ನನಗೆ ಅಲ್ಲಿ ನನ್ನ ಹೆಸರೇ ಮರ್ತೋಗಿತ್ತು ಕಣಕ್ಕ. ಗಡಿಗೆ ಒಡೀತಲ್ಲ, ಅಯ್ಯೋ ಅಕ್ಕ ಬೈತಾಳೆ ಅನ್ನಿಸ್ತು, ಆಗ ಎಲ್ಲಾ ನೆನಪಾಯ್ತು.

ಮಾಳಿ ಬೈಲಿಲ್ಲ. ತಬ್ಬಿಕೊಂಡು ಗೊಳೋ ಅಂತ ಅತ್ತಳು. ಮಾರನೇ ದಿನವೇ ಜವರ ಗುಡಾರ ಕಿತ್ತು, ಬಾವಿ ಹತ್ತಿರದ ಊರಿಗೆ ಹೋಗಿ ನೆಲೆಯಾದ. ಅಕ್ಕ ತಂಗಿ ಅಲ್ಲೇ ಮದುವೆಯಾಗಿ ಅಕ್ಕಪಕ್ಕದ ಮನೆಯಲ್ಲೇ ಮಕ್ಕಳು ಮರಿ ಕಂಡು ಸುಖವಾಗಿದ್ದರಂತೆ. ಅಲ್ಲಿಗೆ ಅವರ ಕತೆ ಮುಗೀತು ಕೂಸೇ, ಕಾಲು ಒಳಗೆ ಎಳ್ಕೊಂಡು ಮಲಗು, ನಾನು ಇಲ್ಲೇ ಇದ್ದೀನಿ.