ಇರುವೆಗಳು ದಾರಿಯಲ್ಲಿ ನಿಂತು ಮೀಸೆ ತಾಕಿಸುವುದೇಕೆ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಎಲ್ಲಿ ಕೂರುವುದೆಂದು ಜಾಗ ನೋಡುತ್ತಿದ್ದವು. ಮಳೆಗೆ ತಿಂಗಳು ಗೊತ್ತಿರಲಿಲ್ಲ, ಮನಸ್ಸು ಬಂದಾಗ ಬರುತ್ತಿತ್ತು.

ಮಳೆಯ ಸುದ್ದಿ ಮೊದಲು ತಿಳಿಯುತ್ತಿದ್ದುದು ಗಾಳಿಯಣ್ಣನಿಗೆ. ಒಳ್ಳೆಯವನು, ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದ. ಆದರೆ ಅವನ ಮಾತು ಬಲು ಉದ್ದ.

ಹೊಳೆದಂಡೆಯ ಇರುವೆಗಳಿಗೋ ಬರುತ್ತಿದ್ದುದು ಎರಡೇ ಮಾತು. ಮೀಸೆ ತಾಕಿಸಿದರೆ ‘ಹೂಂ’, ತಾಕಿಸದೆ ನಿಂತರೆ ‘ಊಹೂಂ’. ಎಡಕ್ಕೆ ಹೋಗು ಅನ್ನಲು ಒಂದು ಹೂಂ, ಒಂದು ಊಹೂಂ. ಬಲಕ್ಕೆ ಎರಡು ಹೂಂ. ಹೀಗೇ ಜೋಡಿಸಿ ಜೋಡಿಸಿ ಅವುಗಳ ಸಂಸಾರ ನಡೆಯುತ್ತಿತ್ತು.

ಅವುಗಳಲ್ಲಿ ಗಾಳಿಯ ಮಾತು ತಿಳಿಯುತ್ತಿದ್ದುದು ಇಬ್ಬರಿಗೇ. ಒಬ್ಬಳು ನಡೆಯಲಾರದ ಮುದಿ ರಾಣಿಯಜ್ಜಿ. ಇನ್ನೊಬ್ಬಳು ಅವಳ ಮೊಮ್ಮಗಳು ಕೆಂಚಿ. ಬಾಗಿಲ ಬಳಿ ಸುಮ್ಮನೆ ಕೂತು ಕೂತೇ ಅವಳು ಅದನ್ನು ಕಲಿತಿದ್ದಳು.

ಒಂದು ದಿನ ಗಾಳಿಯಣ್ಣ ಬಂದು, “ಮೊಟ್ಟೆ ಎತ್ತಿಕೊಂಡು ದಿಬ್ಬದ ಕಡೆ ನಡೀರಿ…” ಅಂದ. ಅಷ್ಟು ಕೇಳಿದ್ದೇ ಕೆಂಚಿ ಓಡಿಹೋಗಿ ಮೀಸೆ ತಾಕಿಸಿದಳು. ಸಾಲು ಹೊರಟಿತು. “…ಆದರೆ ಕಾಲುವೆಗೆ ಇಳೀಬೇಡಿ,” ಎಂದು ಅವನು ಮುಗಿಸುವಷ್ಟರಲ್ಲಿ ನಲವತ್ತು ಮೊಟ್ಟೆ ನೀರುಪಾಲಾಗಿದ್ದವು.

ಯಾರೂ ಬೈಯಲಿಲ್ಲ. ಬೈಯುವಷ್ಟು ಮಾತು ಅವುಗಳಲ್ಲಿ ಇರಲೂ ಇಲ್ಲ. ಕೆಂಚಿ ಎದುರು ಬಂದಾಗ ಮೀಸೆ ತಾಕಿಸದೆ ನಿಲ್ಲುತ್ತಿದ್ದವು, ಅಷ್ಟೇ.

ಮತ್ತೆ ಆಕಾಶ ಕಪ್ಪಾಯಿತು. ಗಾಳಿಯಣ್ಣ ಏದುಸಿರು ಬಿಡುತ್ತ ಬಂದ.

“ತಂಗೀ, ಮೋಡ ಬಸುರಿ ಎಮ್ಮೆ ಥರ ತೂಗಿಕೊಂಡು ಬರ್ತಿದೆ. ಮೊಟ್ಟೆ ಎತ್ತಿಕೊಂಡು ಕರಿಬಂಡೆ ಹಿಂದಿನ ದಿಬ್ಬಕ್ಕೆ ಹೋಗಿ…”

“ಹೇಳೇ ಅವುಗಳಿಗೆ,” ಅಂದಳು ಅಜ್ಜಿ.

“ತಡಿ ಅಜ್ಜಿ, ಅಣ್ಣ ಇನ್ನೂ ಮುಗಿಸಿಲ್ಲ.”

“…ಕಾಲುವೆಗೆ ಇಳಿಯದೆ ಸುತ್ತಿಕೊಂಡು ಹೋಗಿ. ಹೊರಡೋ ಮೊದಲು ಕೆಳಗಿನ ಬಾಗಿಲು ಮುಚ್ಚಿ. ಮುಗೀತು.”

ಕೆಂಚಿ ಮಾತನ್ನು ಚೂರುಚೂರು ಮಾಡಿದಳು. ಒಂದು ಚೂರಿಗೆ ಒಂದು ಮರಳುಕಾಳು. ಒಣಕಡ್ಡಿಯೊಂದರ ಕವಲುಗಳಲ್ಲಿ ಅವನ್ನು ಇಟ್ಟಳು. ನಡುಕಡ್ಡಿಯ ಮೇಲೆ ಮೊಟ್ಟೆ. ಒಂದು ಕವಲು ಎಲ್ಲಿಗೆ ಎಂಬುದಕ್ಕೆ, ಇನ್ನೊಂದು ಯಾವ ದಾರಿ ಎಂಬುದಕ್ಕೆ. ಕೊನೆಗೆ ಹೇಳಿದ ಬಾಗಿಲು ಎಲ್ಲಕ್ಕಿಂತ ಮೊದಲಿಗೆ ಬಂತು. ಎಮ್ಮೆಗೆ ಎಲ್ಲೂ ಜಾಗವಿರಲಿಲ್ಲ, ಅದನ್ನು ಪಕ್ಕಕ್ಕಿಟ್ಟಳು.

“ನೀನು ಕಡ್ಡಿ ಆಡಿಸ್ತಾ ಕೂತಿರು, ಮಳೆ ನಿನ್ನ ಕೇಳಿಕೊಂಡೇ ಬರುತ್ತೆ,” ಅಂದಳು ಅಜ್ಜಿ.

ಆಗ ಕೆಂಚಿಗೆ ‘ಎಲ್ಲಿಗೆ’ ಎಂಬ ಕವಲು ಇನ್ನೂ ಖಾಲಿ ಕಂಡಿತು. ಮೆಲ್ಲಗೆ ಕೇಳಿದಳು, “ಅಣ್ಣಾ, ಕರಿಬಂಡೆ ಅಂದಿರಿ. ನಮ್ಮ ಕಡೆ ಕರಿಬಂಡೆಯೇ ಇಲ್ಲವಲ್ಲ?”

“ನನ್ನ ಮಾತಲ್ಲೇ ತಪ್ಪು ಹುಡುಕ್ತೀಯಾ?” ಗಾಳಿಯಣ್ಣ ಒಂದು ಸುತ್ತು ಸುತ್ತಿದ. ಆಮೇಲೆ ತಣ್ಣಗಾದ. “ಅದು ಮೇಲಿನ ಹೊಳೆಯವರದು, ತಂಗಿ. ನಿಮ್ಮದು ಬಿದ್ದ ಹೊಂಗೆಮರದ ಹಿಂದಿನ ದಿಬ್ಬ. ಕೇಳಿದ್ದು ಒಳ್ಳೇದಾಯ್ತು.”

ಖಾಲಿ ಕವಲು ತುಂಬಿತು. ಕೆಂಚಿ ಕಡ್ಡಿಯನ್ನು ಬುಡದಿಂದ ತುದಿಯವರೆಗೆ ಓದುತ್ತ ಎಲ್ಲವನ್ನೂ ಬರೀ ಹೂಂ, ಊಹೂಂಗಳಾಗಿ ಮಾಡಿಕೊಂಡಳು. ಸಾಲಿನ ಮೊದಲ ಇರುವೆಯ ಎದುರು ಹೋಗಿ ನಿಂತಳು.

ಅದು ಮೀಸೆ ತಾಕಿಸದೆ ನಿಂತಿತು. ಮೊದಲ ಹನಿ ಬಿತ್ತು. ಆಗ ಅದು ಮೆಲ್ಲಗೆ ಮೀಸೆ ಚಾಚಿತು.

ಮೀಸೆಯಿಂದ ಮೀಸೆಗೆ ಮಾತು ಸಾಗಿತು. ಗಾಳಿಯ ಒಂದು ಪದವೂ ತಿಳಿಯದ ಸಾವಿರ ಇರುವೆಗಳು ಬಾಗಿಲು ಮುಚ್ಚಿದವು, ಕಾಲುವೆ ಸುತ್ತಿ ಹೋದವು, ಹೊಂಗೆಮರ ದಾಟಿದವು. ಅಜ್ಜಿಯನ್ನೂ ಹೊತ್ತೊಯ್ದವು. ಕೊನೆಯ ಮೊಟ್ಟೆ ದಿಬ್ಬ ಹತ್ತಿದಾಗ ಹೊಳೆ ಹಳೆಯ ಗೂಡಿನ ಮೇಲೆ ಹರಿಯುತ್ತಿತ್ತು.

ಅದಕ್ಕೇ ಕಂದಾ, ಇಂದಿಗೂ ಮಳೆಗೆ ಮುಂಚೆ ಬಿಳಿ ಮೊಟ್ಟೆ ಹೊತ್ತು ಗೋಡೆ ಹತ್ತುವ ಇರುವೆಗಳು, ಎಷ್ಟೇ ಅವಸರವಿದ್ದರೂ ಎದುರು ಬಂದವರ ಬಳಿ ಒಂದು ಗಳಿಗೆ ನಿಂತು, ಮೀಸೆ ತಾಕಿಸಿಯೇ ಮುಂದೆ ಹೋಗುತ್ತವೆ.