ಗುಮ್ಮಟದ ಕೆಳಗೆ ಕೂತವರು

"ಗುರುಗಳೇ, ಬೆಟ್ಟವನ್ನೇ ಕಡೆದು ವಿಗ್ರಹ ನಿಲ್ಲಿಸಿದರಲ್ಲ, ಮುಗಿಲೆತ್ತರಕ್ಕೆ ಕಲ್ಲಿನ ಮೇಲೆ ಕಲ್ಲು ಪೇರಿಸಿದರಲ್ಲ, ಅವರಿಗೆಲ್ಲ ಭಯ ಅನ್ನುವುದೇ ಇರಲಿಲ್ಲವೇ?" ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಗುರುವಿನ ಬಳಿ ವೈದ್ಯ ಕಲಿಯುತ್ತಿದ್ದವನು. ಕಲಿಕೆ ಮುಗಿದಿತ್ತು. ಮರುದಿನ ಊರಿಗೆ ಹೋಗಿ ರೋಗಿಗಳನ್ನು ತಾನೊಬ್ಬನೇ ನೋಡಬೇಕಾಗಿತ್ತು. ಅದನ್ನು ನೆನೆದರೇ ಅವನಿಗೆ ಅನ್ನ ಸೇರುತ್ತಿರಲಿಲ್ಲ.

"ಬೆಟ್ಟ ಕಡೆದವರ ಸುದ್ದಿ ಆಮೇಲೆ. ಸುತ್ತಿ ಬಳಸಬೇಡ, ನಿನಗೇನು ಬೇಕು ಹೇಳು" ಎಂದ ಗುರು.

"ನನ್ನ ಭಯ ಹೋಗಬೇಕು. ಔಷಧ ಅರೆದು ಕೊಡುವಾಗ ಹೆಚ್ಚಾಯಿತೇನೋ, ಕಡಿಮೆಯಾಯಿತೇನೋ ಎಂದು ಜೀವ ಹಿಂಡುತ್ತದೆ. ಈ ಭಯ ಬುಡಸಮೇತ ಹೋಗಬೇಕು. ದಾರಿ ತೋರಿಸಿ."

"ಹಾಗಾದರೆ ಕೂತುಕೋ" ಎಂದು ಗುರು ಕತೆ ಶುರುಮಾಡಿದ.

ಒಂದು ರಾಜ್ಯದಲ್ಲಿ ಗುಮ್ಮಟ ಕಟ್ಟುವ ಒಬ್ಬ ಮೇಸ್ತ್ರಿ ಇದ್ದ. ಗುಮ್ಮಟ ಕಟ್ಟುವುದೆಂದರೆ ಏನೆಂದುಕೊಂಡೆ? ಮೊದಲು ಕೆಳಗೆ ಮರದ ಆಸರೆ ನಿಲ್ಲಿಸಬೇಕು. ಅದರ ಮೇಲೆ ಇಟ್ಟಿಗೆ, ಗಾರೆ ಇಡುತ್ತಾ ಸುತ್ತು ಸುತ್ತಾಗಿ ಏರಿಸಬೇಕು. ಗಾರೆ ಒಣಗಿ ಕಲ್ಲಿನಂತಾದ ಮೇಲೆ ಆಸರೆಯ ಮರಗಳಿಗೆ ಹಗ್ಗ ಹಾಕಿ, ಹೊರಗಿನಿಂದ ಒಂದೊಂದನ್ನೇ ಎಳೆದು ಬೀಳಿಸಬೇಕು. ಕೊನೆಯ ಮರ ಬಿದ್ದಾಗ ಗುಮ್ಮಟ ತನ್ನ ಬಲದ ಮೇಲೆ ತಾನು ನಿಲ್ಲಬೇಕು. ನಿಂತರೆ ನಿಂತಿತು, ಇಲ್ಲದಿದ್ದರೆ ಇಲ್ಲ.

ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ಮರ ಎಳೆಯುವ ದಿನ, ಕಟ್ಟಿದ ಮೇಸ್ತ್ರಿ ತನ್ನ ಮಕ್ಕಳು ಮೊಮ್ಮಕ್ಕಳ ಸಮೇತ ಗುಮ್ಮಟದ ಕೆಳಗೆ ನಟ್ಟನಡುವೆ ಕೂರಬೇಕು. ಯಾವ ಕಾಲದಲ್ಲಿ ಯಾರು ಮಾಡಿಟ್ಟರೋ, ಎಂಥ ಕಲ್ಲೆದೆಯವರೋ! ಈ ಮೇಸ್ತ್ರಿಗೆ ಇದ್ದವಳು ಒಬ್ಬಳೇ ಮಗಳು. ಕೂಸಾಗಿದ್ದಾಗ ಅಪ್ಪನ ತೊಡೆಯ ಮೇಲೆ ಕೂತಳು, ಬೆಳೆದ ಮೇಲೆ ಪಕ್ಕದಲ್ಲಿ ಕೂತಳು.

ಮೇಸ್ತ್ರಿ ಮಹಾ ಪುಕ್ಕಲ. ಕೆಲಸ ಶುರುವಾದ ದಿನವೇ ಭಯ ಅವನ ಹೊಟ್ಟೆಯೊಳಗೆ ಹೊಕ್ಕು ಕೂರುತ್ತಿತ್ತು. ಸುಣ್ಣ ಅರೆದು ಎದ್ದವರನ್ನು ಮತ್ತೆ ಕೂರಿಸಿ ಅರೆಸುತ್ತಿದ್ದ. ಒಂದು ಇಟ್ಟಿಗೆ ಬಿರುಕು ಬಿಟ್ಟಿದ್ದರೆ ಇಡೀ ಸುತ್ತನ್ನೇ ಕೀಳಿಸುತ್ತಿದ್ದ. ಬೆಳಗಾದರೆ ಅಟ್ಟಣಿಗೆ ಹತ್ತಿ ಗಾರೆಗೆ ಕೆನ್ನೆ ಒತ್ತಿ ನೋಡುತ್ತಿದ್ದ. ಕೆನ್ನೆಗೆ ತಣ್ಣಗೆ ತಗುಲಿದರೆ ಒಳಗೆ ಇನ್ನೂ ಹಸಿ ಇದೆ ಎಂದು ಅರ್ಥ. ಅಂಥ ಹಸಿ ಎಲ್ಲಿದ್ದರೂ ಮರ ಮುಟ್ಟಗೊಡುತ್ತಿರಲಿಲ್ಲ, ಯಾರು ಎಷ್ಟು ಬೈದರೂ ಸರಿಯೇ. ಉಳಿದ ಮೇಸ್ತ್ರಿಗಳು ಬೆನ್ನ ಹಿಂದೆ ನಗುತ್ತಿದ್ದರು. ಮರ ಎಳೆಯುವ ದಿನವಂತೂ ಒಂದೊಂದು ಮರ ಬಿದ್ದಾಗಲೂ ಅವನ ಪ್ರಾಣ ಬಾಯಿಗೆ ಬರುತ್ತಿತ್ತು. ಮಗಳ ತಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಕಣ್ಣು ಮುಚ್ಚಿ, ಬೆವರುತ್ತಾ ಕೂರುತ್ತಿದ್ದ. ಗುಮ್ಮಟ ಬಿದ್ದರೆ ಕೈ ತಡೆಯುತ್ತದೆಯೇ? ಆದರೂ ಹಿಡಿಯುತ್ತಿದ್ದ. ಅವನು ಕಟ್ಟಿದ ಒಂದು ಗುಮ್ಮಟವೂ ಬೀಳಲಿಲ್ಲ.

ಹೀಗಿರುವಾಗ ಅಲ್ಲಿನ ರಾಜನಿಗೆ ಒಂದು ಹುಚ್ಚು ಹತ್ತಿತು. ದೇಶ ಸುತ್ತಿದ ವರ್ತಕರು ಆಸ್ಥಾನಕ್ಕೆ ಬಂದು ಕಂಡದ್ದನ್ನೆಲ್ಲ ಹೇಳುತ್ತಿದ್ದರು. ಮರಳುಗಾಡಿನಲ್ಲಿ ಸತ್ತ ಅರಸರಿಗಾಗಿ ಪೇರಿಸಿದ ಕಲ್ಲಿನ ಬೆಟ್ಟಗಳಿವೆಯಂತೆ. ಗುಡ್ಡದಿಂದ ಗುಡ್ಡಕ್ಕೆ ಹತ್ತಿ ಇಳಿಯುವ, ಕೊನೆಯೇ ಕಾಣದ ಗೋಡೆ ಇದೆಯಂತೆ. ಕಣ್ಣಿಗೆ ಬೀಳುವ ಮೊದಲೇ ಕಾಲ ಕೆಳಗಿನ ನೆಲ ನಡುಗಿಸುವ ಜಲಪಾತವಿದೆಯಂತೆ. ಇವರು ಬೇರೆ ಕಡೆ ಹೋಗಿ ನಮ್ಮ ರಾಜ್ಯದಲ್ಲಿ ಏನಿದೆ ಎಂದು ಹೇಳಿಯಾರು ಎಂಬ ಕೊರಗು ರಾಜನನ್ನು ಹಿಡಿಯಿತು. ಮೇಸ್ತ್ರಿಯನ್ನು ಕರೆಸಿ, ಭೂಮಿಯ ಮೇಲೆ ಯಾರೂ ಕಂಡಿರದಷ್ಟು ದೊಡ್ಡ ಗುಮ್ಮಟ ಕಟ್ಟು ಎಂದು ಅಪ್ಪಣೆ ಮಾಡಿದ.

ಮೇಸ್ತ್ರಿ ನಡುಗುತ್ತಲೇ ಒಪ್ಪಿದ, ನಡುಗುತ್ತಲೇ ಕಟ್ಟಿದ. ವರ್ಷಗಳು ಹೋದವು. ನೆತ್ತಿಯ ಸುತ್ತುಗಳಷ್ಟೇ ಬಾಕಿ ಇದ್ದಾಗ, ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಹೆಣ್ಣುಕೂಸು ಹೆತ್ತಳು. ಮೇಸ್ತ್ರಿ ಮೊಮ್ಮಗಳನ್ನು ಎತ್ತಿಕೊಂಡ. ಈ ಕೂಸನ್ನೂ ಅದರ ಕೆಳಗೆ ಕೂರಿಸಬೇಕಲ್ಲ ಎಂದು ಹೊಳೆದದ್ದೇ ತಡ, ಕೂಸನ್ನು ಮಗಳ ಮಡಿಲಿಗೆ ಹಾಕಿ ಎದ್ದ. ನೇರ ಅರಮನೆಗೆ ಹೋಗಿ ರಾಜನ ಕಾಲಿಗೆ ಬಿದ್ದ.

"ಪ್ರಭು, ನಾನು ಕೂರುತ್ತೇನೆ. ಮಗಳನ್ನೂ ಹಸುಗೂಸನ್ನೂ ಬಿಟ್ಟುಬಿಡಿ."

ರಾಜ ನಕ್ಕ. "ನೀನೂ ಕೂರಬೇಡವಯ್ಯಾ. ನಿನ್ನಂಥ ಮೇಸ್ತ್ರಿ ಮತ್ತೆ ಸಿಗುತ್ತಾನೆಯೇ? ಸೆರೆಮನೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರು ಕೂರುತ್ತಾರೆ. ಬದುಕಿದರೆ ಬಿಡುಗಡೆ ಮಾಡಿದರಾಯಿತು. ಹೋಗು, ನೆಮ್ಮದಿಯಾಗಿರು."

ಅವತ್ತು ಮೇಸ್ತ್ರಿ ಹೊಟ್ಟೆ ತುಂಬ ಉಂಡ. ಮನೆಯವರು ಬೆರಗಾಗುವ ಹಾಗೆ ಗೊರಕೆ ಹೊಡೆದು ಮಲಗಿದ. ಎದ್ದಾಗ ಹೊಟ್ಟೆಯೊಳಗಿನ ಭಯ ಹೇಳಹೆಸರಿಲ್ಲದೆ ಹೋಗಿತ್ತು. ಅಬ್ಬಾ, ಎಂಥ ಸುಖ! ಇಷ್ಟು ವರ್ಷ ಈ ಸುಖವಿಲ್ಲದೆ ಹೇಗೆ ಬದುಕಿದೆ ಎಂದುಕೊಂಡ.

ಅವನೇನೂ ಮೋಸಗಾರನಾಗಲಿಲ್ಲ, ಕೇಳು. ಒಂದು ಇಟ್ಟಿಗೆ ಕದಿಯಲಿಲ್ಲ. ಬರೀ ನಿರಾಳನಾದ. ಸುಣ್ಣ ಅರೆದದ್ದು ಸಾಕೇ ಎಂದು ಆಳುಗಳು ಕೇಳಿದರೆ ಸಾಕು ಎಂದ. ಬಿರುಕು ಬಿಟ್ಟ ಇಟ್ಟಿಗೆ ತೋರಿಸಿದರೆ, ಮೇಲೆ ಗಾರೆ ಬರುತ್ತದಲ್ಲ, ನಡೆಯುತ್ತದೆ ಎಂದ. ಬೆಳಿಗ್ಗೆ ಅಟ್ಟಣಿಗೆ ಹತ್ತುವ ಹೊತ್ತಿನಲ್ಲಿ ಮೊಮ್ಮಗಳ ತೊಟ್ಟಿಲು ತೂಗುತ್ತಾ ಕೂತ. ಪರದೇಶದ ರಾಯಭಾರಿಗಳು ಮಳೆಗೆ ಮೊದಲೇ ಬರುತ್ತಾರೆ, ಅಷ್ಟರೊಳಗೆ ಮರ ತೆಗೆಯಬಹುದೇ ಎಂದು ರಾಜ ಹೇಳಿ ಕಳಿಸಿದಾಗ, ಧಾರಾಳವಾಗಿ ತೆಗೆಯಬಹುದು ಎಂದುಬಿಟ್ಟ.

ಆ ದಿನ ಬಂತು. ರಾಜ, ರಾಯಭಾರಿಗಳು, ಊರಿಗೆ ಊರೇ ಗುಮ್ಮಟದ ಮುಂದೆ ನೆರೆಯಿತು. ಮೇಸ್ತ್ರಿ ಬಾಗಿಲ ಬಳಿ ಹೊರಗೆ ನಿಂತಿದ್ದ. ದೂರದಲ್ಲಿ ಜನರ ನಡುವೆ ಮಗಳು ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಸೆರೆಯಾಳುಗಳನ್ನು ಸಾಲಾಗಿ ಒಳಗೆ ನಡೆಸಿದರು. ಅವರಲ್ಲಿ ಒಬ್ಬಳು ಯಾರದೋ ಹೊಲದಲ್ಲಿ ಜೋಳದ ತೆನೆ ಮುರಿದು ಸಿಕ್ಕಿಬಿದ್ದ ಹೆಂಗಸು. ಬಾಗಿಲಲ್ಲಿ ಮೇಲಕ್ಕೆ ನೋಡಿದವಳು ಅಲ್ಲೇ ನಿಂತುಬಿಟ್ಟಳು. ಮೇಸ್ತ್ರಿಯ ಕಡೆ ತಿರುಗಿದಳು.

"ಕಟ್ಟಿದವನು ನೀನೇ ಅಂತಲ್ಲಪ್ಪಾ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಬೀಳುವುದಿಲ್ಲ ತಾನೇ? ಮನೆಯಲ್ಲಿ ನನ್ನ ಮಗಳು ಒಬ್ಬಳೇ ಇದ್ದಾಳೆ."

ಮೇಸ್ತ್ರಿ ಉತ್ತರ ಹೇಳಲು ಬಾಯಿ ತೆರೆದ. ಉತ್ತರ ತನಗೆ ಗೊತ್ತಿಲ್ಲ ಎಂದು ಆಗ ತಿಳಿಯಿತು. ನೆತ್ತಿಯ ಆ ಸುತ್ತುಗಳಿಗೆ ಅವನು ಒಂದು ದಿನವೂ ಕೆನ್ನೆ ಒತ್ತಿರಲಿಲ್ಲ. ಹೋದ ಭಯವೆಲ್ಲ ಒಂದೇ ಏಟಿಗೆ ಬಂದು ಹೊಟ್ಟೆಯೊಳಗೆ ಬಿತ್ತು. ನಿಲ್ಲಿಸಿ ಎನ್ನಬೇಕು. ಆದರೆ ರಾಯಭಾರಿಗಳ ಎದುರು ರಾಜನ ಮಾನ ತೆಗೆದರೆ ತನ್ನ ತಲೆ ಉಳಿಯುತ್ತದೆಯೇ? ಮಗಳ ಗತಿ ಏನು, ಕೂಸಿನ ಗತಿ ಏನು? ರಾಜ ಅವನನ್ನೇ ನೋಡುತ್ತಿದ್ದ.

"ಬೀಳುವುದಿಲ್ಲ ತಾಯಿ. ಹೋಗಿ ಕೂತುಕೋ" ಎಂದ.

ಅವಳು ಅವನಿಗೆ ಕೈಮುಗಿದು ಒಳಗೆ ಹೋದಳು.

ನಗಾರಿ ಬಾರಿಸಿದರು. ಹಗ್ಗ ಎಳೆದರು. ಒಂದು ಮರ ಬಿತ್ತು. ಇನ್ನೊಂದು ಬಿತ್ತು. ಮರಗಳು ಬೀಳುತ್ತಾ ಬಂದ ಹಾಗೆ ಬಾಗಿಲೊಳಗೆ ಸಣ್ಣಗೆ ಗಾರೆಯ ಪುಡಿ ಉದುರುವುದು ಕಂಡಿತು. ಅದು ಏನೆಂದು ಅಲ್ಲಿ ತಿಳಿದವನು ಮೇಸ್ತ್ರಿ ಒಬ್ಬನೇ. ಕೊನೆಯ ಮರಕ್ಕೆ ಹಗ್ಗ ಬಿದ್ದಾಗ ಅವನು ನಿಲ್ಲಿಸಿ, ನಿಲ್ಲಿಸಿ ಎಂದು ಕೂಗಿಕೊಂಡ. ನಗಾರಿಯ ಅಬ್ಬರದಲ್ಲಿ ಅವನ ಕೂಗು ಯಾರ ಕಿವಿಗೂ ಬೀಳಲಿಲ್ಲ.

ಗುಮ್ಮಟ ಕುಸಿಯಿತು. ಒಳಗೆ ಕೂತವರಲ್ಲಿ ಒಬ್ಬರೂ ಹೊರಗೆ ಬರಲಿಲ್ಲ.

ಗುರು ಅಷ್ಟಕ್ಕೇ ನಿಲ್ಲಿಸಿದ.

"ಪಾಪ, ಮಗಳ ಮೇಲಿನ ಅಕ್ಕರೆಯಿಂದ ರಾಜನನ್ನು ಬೇಡಿದ. ಅದರಲ್ಲಿ ಅವನ ತಪ್ಪೇನು ಗುರುಗಳೇ? ಎಲ್ಲ ಆ ರಾಜನದೇ ತಪ್ಪು" ಎಂದ ಮರುಳಯ್ಯ.

"ರಾಜ ಅವನ ಭಯ ತೆಗೆದ, ಅಷ್ಟೇ. ನಿನ್ನದನ್ನು ನಾನು ತೆಗೆಯುತ್ತೇನೆ. ನಿನ್ನ ಗುಮ್ಮಟದ ಕೆಳಗೆ ಯಾರನ್ನು ಕೂರಿಸುತ್ತೀಯೆ ಹೇಳು" ಎಂದ ಗುರು.